ಜೋಡಿ ಬಟ್ಟಲು

ಕುವೆಂಪುನಗರ, ಮೈಸೂರು
ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಅತ್ತೆಗೆ ಸೊಸೆ ಸುಷ್ಮಾ ಮಾಡುವ ಶರಣು.

ಎದುರಿಗಿದ್ದಿದ್ದರೆ ಕಾಲಿಗೆ ಬೀಳುತ್ತಿದ್ದೆ. ಈಗ ಬಗ್ಗುವುದಕ್ಕೂ ಆಗದಂತೆ ಕೂಸು ಮಡಿಲಲ್ಲಿದೆ. ಎಡಗೈ ಅವಳ ತಲೆಯ ಕೆಳಗೆ, ಬಲಗೈಯಲ್ಲಿ ಪೆನ್ನು, ಕಾಗದದ ಅಡಿಗೆ ನೀವು ಅಕ್ಕಿ ಆರಿಸುವ ಮೊರ. ಅಕ್ಷರ ಎಲ್ಲಾದರೂ ಸೊಟ್ಟಗಾಗಿದ್ದರೆ ಅಲ್ಲಿ ನಿಮ್ಮ ಮೊಮ್ಮಗಳು ಒದ್ದಿದ್ದಾಳೆ ಅಂತ ತಿಳಿದುಕೊಳ್ಳಿ.

ಹೂಟಗಳ್ಳಿ ಎಷ್ಟು ದೂರ, ಇದಕ್ಕೂ ಕಾಗದ ಬರೀಬೇಕಾ ಅಂತ ನಿಮಗೆ ಅನ್ನಿಸುತ್ತದೆ. ಏನು ಮಾಡಲಿ? ನಿಮ್ಮ ಮನೆಯ ಫೋನು ಮಾವನವರ ಕೈಯಲ್ಲಿ. ಅವರು ಸ್ಪೀಕರ್ ಹಾಕದೆ ಮಾತಾಡುವವರಲ್ಲ. ನಿಮಗೆ ಕೊಟ್ಟ ಮೇಲೂ ಪಕ್ಕದಲ್ಲೇ ನಿಂತು, ‘ಏನಂತೆ, ಏನಂತೆ’ ಅನ್ನುತ್ತಿರುತ್ತಾರೆ. ನಾನು ಹೇಳಬೇಕಾದದ್ದು ಅವರ ಕಿವಿಗೆ ಮಾತ್ರ ಬೀಳಬಾರದು. ಯಾಕೆ ಅಂತ ನಿಮಗೇ ಚೆನ್ನಾಗಿ ಗೊತ್ತು. ಅದಕ್ಕೇ ನಿಮ್ಮ ಹೂಟಗಳ್ಳಿ ಕಡೆಗೇ ಶಿಫ್ಟಿಗೆ ಹೋಗುವ ನಿಮ್ಮ ಮಗನ ಊಟದ ಚೀಲದಲ್ಲಿ ಈ ಕಾಗದ ಇಟ್ಟು ಕಳಿಸುತ್ತಿದ್ದೇನೆ. ಕವರಿಗೆ ಗೋಂದು ಬಳಿದೇ ಕೊಡುತ್ತೇನೆ. ಓದಿದ ಮೇಲೆ ನೀರೊಲೆಗೆ ಹಾಕಿಬಿಡಿ.

ಹೋದ ವಾರ ‘ಮನೆ ಒಂದ್ಸಲ ನೋಡ್ಕಂಡು ಬತ್ತೀನಿ ಕಣಮ್ಮ’ ಅಂತ ಚೀಲ ಹಿಡಿದು ಮಾವನವರ ಹಿಂದೆ ಹೊರಟಿರಿ. ನಿಮ್ಮ ಮನೆ ಇರುವುದು ಎರಡು ಕೋಣೆ, ಒಂದು ಅಡುಗೆಮನೆ. ಅಷ್ಟನ್ನು ನೋಡುವುದಕ್ಕೆ ಇಷ್ಟು ದಿನ ಬೇಕೇ ಅತ್ತೆ? ಸೋಮವಾರ ನಾನು ಲ್ಯಾಬಿಗೆ ಹೋಗಬೇಕು. ಇನ್ನು ರಜೆ ಇಲ್ಲ, ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಅಂತ ಕ್ಲಿನಿಕ್‌ನವರು ಖಡಾಖಂಡಿತವಾಗಿ ಹೇಳಿದ್ದಾರೆ. ನಿಮ್ಮ ಪುಟ್ಟಮ್ಮಣ್ಣಿ ನನ್ನ ಎದೆ ಬಿಟ್ಟರೆ ಹಾಲು ಕುಡಿಯುವುದು ನಿಮ್ಮ ಕೈಯಿಂದ, ಒಳಲೆಯ ಮೂತಿಯಲ್ಲಿ ಗುಟುಕು ಗುಟುಕಾಗಿ ಬಿಟ್ಟರೆ ಮಾತ್ರ. ಭಾನುವಾರದೊಳಗೆ ನೀವು ಬರದಿದ್ದರೆ ನನ್ನ ಕೆಲಸ ಹೋಯಿತು ಅಂತಲೇ ಲೆಕ್ಕ. ಸುತ್ತಿ ಬಳಸಿ ಹೇಳುವಷ್ಟು ತ್ರಾಣ ಇಲ್ಲ. ಅದಕ್ಕೇ ಮೊದಲಿಗೇ ಬರೆದುಬಿಟ್ಟೆ.

ಸುಸ್ತು ಅತ್ತೆ. ಇದಕ್ಕೆ ಇನ್ನೊಂದು ಹೆಸರು ನನಗೆ ಗೊತ್ತಿಲ್ಲ. ಮೊನ್ನೆ ಬೆಳಿಗ್ಗೆ ಕೂಸಿನ ಮುಲಾಮನ್ನು ಬ್ರಷ್ಷಿಗೆ ಹಾಕಿಕೊಂಡು ಹಲ್ಲುಜ್ಜಿದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನಿಮ್ಮ ಮಗ ಒಂದು ಮಾತೂ ಆಡದೆ ಉಂಡು ಎದ್ದರು. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ, ಸುಮ್ಮನೆ ಉಂಡರಲ್ಲ ಅಂತ ಅಡುಗೆಮನೆಯಲ್ಲಿ ಅತ್ತುಬಿಟ್ಟೆ. ಕೂಸು ಕುಡಿಯುತ್ತಾ ಕುಡಿಯುತ್ತಾ ನಿದ್ದೆ ಹೋಗುತ್ತದೆ, ಮೆಲ್ಲಗೆ ಕೆಳಗಿಡೋಣ ಅಂದರೆ ಕಣ್ಣು ಬಿಡುತ್ತದೆ. ನನ್ನ ಮೊಣಕೈ ಆಚೆ ಹೋದರೂ ಇವಳಿಗೆ ಗೊತ್ತಾಗುತ್ತದೆ. ಎಂಥ ಕಾವಲು ಅಂತೀರಿ!

ಕುಳಿತಲ್ಲೇ ಕುಳಿತಿರುವುದರಿಂದ ಹಳೆಯದೆಲ್ಲ ನೆನಪಾಗುತ್ತಿದೆ. ಆಸ್ಪತ್ರೆಯ ಮೊದಲ ದಿನ ನೆನಪಿದೆಯಾ? ಕೂಸು ಅಳುತ್ತಿದೆ, ನಾನೂ ಅಳುತ್ತಿದ್ದೇನೆ, ನರ್ಸಮ್ಮ ಮಗುವಿನ ತಲೆ ಹಿಡಿದು ಹಿಂಗೆ, ಅಲ್ಲ ಹಂಗೆ ಅಂತ ಗದರುತ್ತಿದ್ದಾರೆ. ನಾನು ಡಿಗ್ರಿ ಓದುವಾಗಲೇ ಅಮ್ಮ ಹೋದರು. ಎಲ್ಲರಿಗೂ ತವರಿನಲ್ಲಿ ಬಾಣಂತನ, ನನಗೆ ಅಲ್ಲಿ ಇರುವುದು ಹೂ ಹಾಕಿದ ಫೋಟೋ. ನೀವು ಮಂಚ ಹತ್ತಿ, ನನಗೆ ಬೆನ್ನು ಮಾಡಿ ಕುಳಿತು, ‘ಒರಕ್ಕೋ ನನ್ ಬೆನ್ನಿಗೆ, ಬೀಳಲ್ಲ ನೀನು’ ಅಂದಿರಿ. ನಾನು ಒರಗಿದೆ. ನೋವು ಇಳಿಯಲಿಲ್ಲ, ಹಾಲೂ ಆಗಲೇ ಬರಲಿಲ್ಲ. ಆದರೆ ಅಳು ನಿಂತಿತು. ಮನೆಗೆ ಬಂದ ಮೇಲೂ ಅದೇ ಅಭ್ಯಾಸವಾಯಿತು. ನಾನು ಈ ಕಡೆ ಮುಖ ಮಾಡಿ ಹಾಲು ಕುಡಿಸುವುದು, ನೀವು ಆ ಕಡೆ ಮುಖ ಮಾಡಿ ಸೊಪ್ಪು ಬಿಡಿಸುವುದು. ನಿಮ್ಮ ಕೈ ಆಡಿದ್ದೆಲ್ಲ ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಈಗ ಗೋಡೆಗೆ ಒರಗಿ ಕೂರುತ್ತೇನೆ.

ನಿಮ್ಮ ಪಥ್ಯಕ್ಕೆ ನಾನು ಎಷ್ಟು ಗೊಣಗಿದ್ದೇನೋ. ಮೂರು ಹೊತ್ತೂ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಕೊಬ್ಬರಿ, ಕರಿಮೆಣಸಿನ ಸಾರು. ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಕೊರಿಯರ್‌ನವನು ಬಾಗಿಲು ತೆಗೆದ ನನ್ನನ್ನು ನೋಡಿ ‘ಅಜ್ಜಿ, ಮನೇಲಿ ಯಾರೂ ಇಲ್ವಾ’ ಅಂತ ಕೇಳಿದ್ದು ನಿಮಗೆ ಹೇಳಿರಲಿಲ್ಲ. ನೀರು ಕುಡಿದರೆ ಕೂಸಿಗೆ ಶೀತ ಅಂತ ನೀವು ಜೀರಿಗೆ ನೀರನ್ನು ಲೋಟದಲ್ಲಿ ಅಳೆದು ಕೊಡುತ್ತಿದ್ದಿರಿ. ಡಾಕ್ಟರು ಚೆನ್ನಾಗಿ ನೀರು ಕುಡಿಯಿರಿ ಅಂದಿದ್ದರು. ನೀವು ಪೂಜೆಗೆ ಕುಳಿತಾಗ ಫಿಲ್ಟರಿನ ಹತ್ತಿರ ನಿಂತು ಗಟಗಟ ಕುಡಿಯುತ್ತಿದ್ದೆ. ಕಳ್ಳತನ ಮಾಡಿದಷ್ಟು ಖುಷಿಯಾಗುತ್ತಿತ್ತು.

ಆದರೂ ನಗುವುದಕ್ಕೆ ಬರವಿರಲಿಲ್ಲ ನಮಗೆ. ಸೆಕೆ ಅಂತ ನಿಮ್ಮ ಮಗ ಬರಿಮೈಯಲ್ಲಿ ಕೂಸನ್ನು ಎದೆಯ ಮೇಲೆ ಮಲಗಿಸಿಕೊಂಡಿದ್ದರಲ್ಲ, ಇದ್ದಕ್ಕಿದ್ದಂತೆ ‘ಅಯ್ಯಯ್ಯೋ ಅಮ್ಮಾ’ ಅಂತ ಕಿರುಚಿಕೊಂಡರು. ನಾವಿಬ್ಬರೂ ಹಾವು ಬಂತೇನೋ ಅಂತ ಓಡಿದರೆ, ಕೂಸು ಅಪ್ಪನ ಎದೆಗೆ ಬಾಯಿ ಹಾಕಿ ಬಿಡಲೊಲ್ಲದು. ನೀವು ಅದನ್ನು ಬಿಡಿಸಿಕೊಂಡು, ‘ಅವಳಿಗೇನ್ಲಾ ಗೊತ್ತು, ಯಾವುದ್ರಲ್ಲಿ ಐತೆ ಯಾವುದ್ರಲ್ಲಿ ಇಲ್ಲ ಅಂತ. ಅಂಗಡಿ ಅಂಗಡಿ ವಿಚಾರಿಸ್ತಾವ್ಳೆ’ ಅಂದಿರಿ. ಅವರು ಅಂದಿನಿಂದ ಬನಿಯನ್ ಇಲ್ಲದೆ ಮನೆಯಲ್ಲಿ ಓಡಾಡುವುದಿಲ್ಲ.

ಇನ್ನೊಂದು ನಿಮಗೆ ಗೊತ್ತಿಲ್ಲದ್ದು. ನೀವು ಕೂಸನ್ನು ನೋಡಿಕೊಳ್ಳುತ್ತಿದ್ದಾಗ ನಾನು ತರಕಾರಿ ತರಲು ಹೋಗಿದ್ದೆನಲ್ಲ, ಅಲ್ಲಿ ಯಾರದೋ ಮಗು ಅತ್ತಿತು. ನನ್ನದಲ್ಲ, ನನಗೆ ಸಂಬಂಧವೂ ಇಲ್ಲ. ಆದರೂ ನನ್ನ ಎದೆ ಜುಮ್ಮೆಂದು, ಕುರ್ತಾ ಮುಂದೆಲ್ಲ ಒದ್ದೆಯಾಯಿತು. ಕೈಗೆ ಸಿಕ್ಕ ಸೊಪ್ಪಿನ ಕಟ್ಟನ್ನು ಎದೆಗೆ ಅಡ್ಡ ಹಿಡಿದು ಮನೆತನಕ ಬಂದೆ. ಬಂದು ನೋಡಿದರೆ ಸಬ್ಬಸಿಗೆ ಸೊಪ್ಪು. ನೀವು ‘ಅಬ್ಬಾ, ಈಗ ಬುದ್ಧಿ ಬಂತು, ಕೇಳದೆ ತಂದ್ಬುಟ್ಟವ್ಳೆ’ ಅಂತ ಹೊಗಳಿದಿರಿ. ಸುಮ್ಮನೆ ಹೊಗಳಿಸಿಕೊಂಡೆ.

ಈಗ ಆ ದಿನದ ಮಾತಿಗೆ ಬರುತ್ತೇನೆ. ಬರದೆ ಹೇಗೆ?

ಕೆಲಸಕ್ಕೆ ಹೋದಾಗ ಕೂಸಿಗೆ ಬೇಕಲ್ಲ ಅಂತ ಹಾಲು ಹಿಂಡಿ ಇಡುವ ಅಭ್ಯಾಸ ಶುರು ಮಾಡಿದ್ದೆ. ಪ್ಲಾಸ್ಟಿಕ್ ಬಾಟಲಿ ನಿಮಗೆ ಆಗುವುದಿಲ್ಲ. ‘ಕೂಸಿನ ಬಾಯಿಗೆ ಆ ದರಿದ್ರ ಯಾಕೆ’ ಅಂತ ನಿಮ್ಮ ತವರಿನವರು ಕೊಟ್ಟ ಜೋಡಿ ಬೆಳ್ಳಿ ಬಟ್ಟಲಿನಲ್ಲಿ ಒಂದನ್ನು ಅವಳಿಗೇ ಅಂತ ತೆಗೆದುಕೊಟ್ಟಿದ್ದಿರಿ. ಇನ್ನೊಂದು ನಿಮ್ಮ ಪೂಜೆಯದು. ಸಂಜೆ ಪ್ಯಾಕೆಟ್ ಒಡೆದ ಕೂಡಲೇ, ಕಾಯಿಸುವ ಮೊದಲು, ಲಿಂಗಪೂಜೆಗೆ ಅಂತ ಅದರಲ್ಲಿ ಹಸಿ ಹಾಲು ಎತ್ತಿಟ್ಟು ಫ್ರಿಜ್ಜಿನಲ್ಲಿ ಇಡುತ್ತೀರಿ. ನಾನು ಅವತ್ತು ಹಿಂಡಿದ ಹಾಲನ್ನು ಕೂಸಿನ ಬಟ್ಟಲಿಗೆ ಹಾಕಿ, ತಟ್ಟೆ ಮುಚ್ಚಿ, ಪಕ್ಕದಲ್ಲೇ ಇಟ್ಟೆ. ಲ್ಯಾಬಿನಲ್ಲಿ ಒಂದು ಹನಿ ರಕ್ತಕ್ಕೂ ಹೆಸರು ಬರೆದು ಅಂಟಿಸುವವಳು ನಾನು! ಮನೆಯಲ್ಲಿ ಎರಡು ಬಟ್ಟಲು ಅಕ್ಕಪಕ್ಕ ಇಟ್ಟು ಹೋಗಿ ಮಲಗಿದೆ.

ಬೆಳಿಗ್ಗೆ ಎದ್ದು ಬಂದಾಗ ಪೂಜೆ ಮುಗಿದಿತ್ತು. ಹಿಂದಿನ ಸಂಜೆ ಹೂಟಗಳ್ಳಿಯಿಂದ ಬಂದಿದ್ದ ಮಾವನವರೂ ನಿಮ್ಮ ಪಕ್ಕ ಕುಳಿತು, ನೀವು ಫ್ರಿಜ್ಜಿನಿಂದ ತೆಗೆದಿದ್ದ ಬಟ್ಟಲಿನ ಹಾಲಿನಿಂದ ಪೂಜೆ ಮಾಡಿ, ತೀರ್ಥ ತೆಗೆದುಕೊಂಡು, ಹಣೆಗೆ ವಿಭೂತಿ ಹಚ್ಚಿ ನಡುಮನೆಯಲ್ಲಿ ಪೇಪರ್ ಓದುತ್ತಿದ್ದರು. ನಾನು ಫ್ರಿಜ್ಜು ತೆಗೆದೆ. ಬಟ್ಟಲು ಒಂದೇ ಇತ್ತು. ಮುಚ್ಚಳ ಎತ್ತಿ ನೋಡಿದೆ, ಪ್ಯಾಕೆಟ್ ಹಾಲು. ಪೂಜೆಗೆ ಹೋದದ್ದು ನಾನು ಹಿಂಡಿಟ್ಟ ಹಾಲು. ಅಡುಗೆಮನೆಯಲ್ಲಿ ನಿಮ್ಮ ಕಿವಿಯಲ್ಲಿ ಮೆಲ್ಲಗೆ ಹೇಳಿದೆ. ನಿಮ್ಮ ಕೈಯಲ್ಲಿದ್ದ ಸೌಟು ಹಾಗೇ ನಿಂತುಬಿಟ್ಟಿತು. ಅದೇ ಹೊತ್ತಿಗೆ ಸರಿಯಾಗಿ ಮಾವನವರು ಆಚೆಯಿಂದ ಕೂಗಿದರು: ‘ಬಸಮ್ಮಾ, ಇವತ್ತು ತೀರ್ಥ ಬಲು ಸಿಹಿಯಾಗಿತ್ತು ಕಣೇ. ಹಾಲಿನ ಪ್ಯಾಕೆಟ್ ಬದಲಾಯಿಸಿದ್ರಾ?’

ನಾನು ನಕ್ಕುಬಿಟ್ಟೆ ಅತ್ತೆ. ಬಾಯಿಗೆ ಸೆರಗಿಲ್ಲ, ನೈಟಿಯ ತುದಿ ಒತ್ತಿಕೊಂಡೆ, ನಿಲ್ಲಲಿಲ್ಲ. ನೆಲಕ್ಕೆ ಕುಸಿದು, ಹೊಟ್ಟೆ ಹಿಡಿದುಕೊಂಡು ನಕ್ಕೆ. ನೀವು ನನ್ನನ್ನು ನೋಡುತ್ತಾ ನಿಂತಿದ್ದಿರಿ. ಆ ಮುಖ ನನಗೆ ಈಗಲೂ ಕಾಣುತ್ತದೆ. ಆಮೇಲೆ ನೀವು ಆ ಬಟ್ಟಲನ್ನು ತೊಳೆದಿರಿ, ಒರೆಸಿದಿರಿ, ಮತ್ತೆ ತೊಳೆದಿರಿ. ತಿಂಡಿ ತಿನ್ನಲಿಲ್ಲ. ಮಾವನವರು ಹೊರಟಾಗ ನೀವೂ ಹೊರಟಿರಿ. ಅವರಿಗೆ ಇವತ್ತಿಗೂ ಏನೂ ಗೊತ್ತಿಲ್ಲ. ನಿಮ್ಮ ಮಗನಿಗೆ ನಾನೇ ಹೇಳಿದೆ. ಅವರು ಅಪ್ಪನಿಗೆ ಮಾತ್ರ ಹೇಳಬೇಡ ಅಂದರು.

ಆ ನಗುವಿನ ವಿಷಯ ನಿಮಗೆ ಹೇಳಲೇಬೇಕು. ನಿಮ್ಮ ಪೂಜೆಯನ್ನು ನೋಡಿ ನಕ್ಕದ್ದಲ್ಲ. ನಿಮ್ಮನ್ನು ನೋಡಿ ನಕ್ಕದ್ದಂತೂ ಅಲ್ಲವೇ ಅಲ್ಲ. ಎಷ್ಟೋ ವಾರಗಳಿಂದ ನಾನು ಒಳಗೊಳಗೇ ಹೆದರುತ್ತಿದ್ದೆ. ಹಾಲು ಸಾಲುತ್ತಿದೆಯೋ ಇಲ್ಲವೋ, ಕೂಸು ತೂಕ ಏರುತ್ತಿದೆಯೋ ಇಲ್ಲವೋ, ನಾನು ತಾಯಿ ಅನ್ನಿಸಿಕೊಳ್ಳುವ ಹೆಂಗಸೋ ಅಲ್ಲವೋ. ಆ ಬಟ್ಟಲು ತುಂಬುವುದಕ್ಕೆ ನನ್ನ ಪ್ರಾಣ ಹೋಗಿ ಬಂದಿತ್ತು. ಅಂಥ ಹಾಲಿಗೆ ಯಾರೋ ಒಬ್ಬರು ಸಿಹಿಯಾಗಿದೆ ಅಂದರಲ್ಲ! ಮೊದಲ ಸಲ ನನಗೆ ಸರ್ಟಿಫಿಕೇಟ್ ಸಿಕ್ಕಿತ್ತು, ಅದೂ ಯಾರ ಬಾಯಲ್ಲಿ ನೋಡಿ. ನಗು ಬಂತು. ನೀವು ಬಸ್ಸು ಹತ್ತಿದ ಮೇಲೆ ಅದೇ ನಗು ಅಳುವಾಗಿ ಸಂಜೆಯವರೆಗೂ ನಿಲ್ಲಲಿಲ್ಲ. ಅದನ್ನು ನೀವು ನೋಡಲಿಲ್ಲ, ನಗುವನ್ನಷ್ಟೇ ನೋಡಿಕೊಂಡು ಹೋದಿರಿ.

ನೀವೀಗ ಒಪ್ಪತ್ತು ಮಾಡುತ್ತಿದ್ದೀರಂತೆ. ಪೂಜೆಗೆ ಹಾಲು ಬಿಟ್ಟು ಬರೀ ನೀರು ಹಾಕುತ್ತಿದ್ದೀರಂತೆ. ನಿಮ್ಮ ಮಗ ಹೇಳಿದ್ದು. ಮೊನ್ನೆ ಕೂಸನ್ನು ಎತ್ತಿಕೊಂಡು ಆಟೋ ಹಿಡಿದು ಲಷ್ಕರ್ ಮೊಹಲ್ಲಾಕ್ಕೆ, ಇವಳಿಗೆ ಲಿಂಗಧಾರಣೆ ಮಾಡಿಸಿದ ಲಿಂಗಯ್ಯನವರ ಮನೆಗೆ ಹೋದೆ. ಹೋದೆ ಅಷ್ಟೇ, ಬಾಯಿ ಬರಲಿಲ್ಲ. ಗಂಡಸರ ಮುಂದೆ ಇದನ್ನು ಹೇಗೆ ಹೇಳುವುದು? ಪುಣ್ಯಕ್ಕೆ ಕೂಸು ಅತ್ತಿತು. ಅವರ ಹೆಂಡತಿ ನನ್ನನ್ನು ಒಳಕೋಣೆಗೆ ಕರೆದು ಕೂರಿಸಿದರು. ಹಾಲು ಕುಡಿಸುತ್ತಾ, ಬಾಗಿಲ ಮರೆಯಿಂದಲೇ, ನಡೆದದ್ದನ್ನೆಲ್ಲ ಹೇಳಿದೆ.  ಆ ತಾಯಿ ನನ್ನ ಪಕ್ಕ ಬಾಯಿ ಮುಚ್ಚಿಕೊಂಡು ಅಲುಗಾಡುತ್ತಿದ್ದರು.

ನಡುಮನೆಯಲ್ಲಿ ಲಿಂಗಯ್ಯನವರು ಕೆಮ್ಮಿದರು. ಕೂಸು ಹೊಟ್ಟೆ ತುಂಬಾ ಕುಡೀತಾ ಅಂತ ಮೊದಲು ಕೇಳಿದರು. ಆಮೇಲೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: ‘ಹಸೀನ ಹಾಲಾದ್ರೆ ಕರು ಎಳೆದು ಕಟ್ಟಿ ನಾವು ಕಿತ್ಕೊಳೋದು ಕಣಮ್ಮ. ಇದು ಒಬ್ಬ ತಾಯಿ ತಾನಾಗೇ ತನ್ನ ಕೂಸಿಗೆ ಎತ್ತಿಟ್ಟಿದ್ದು. ಇದ್ರಲ್ಲಿ ಮೈಲಿಗೆ ಎಲ್ಲಿಂದ ಬಂತು? ಲಿಂಗಕ್ಕೆ ಸಿಟ್ಟಿಲ್ಲ, ಸಿಟ್ಟಿರೋದು ಬಸಮ್ಮೋರಿಗೆ. ಒಪ್ಪತ್ತು ಬುಟ್ಟು ಸರಿಯಾಗಿ ಉಣ್ಣೋಕ್ಹೇಳು.’ ಮಾವನವರಿಗೆ ಹೇಳಬೇಕಾ ಅಂತ ಕೇಳಿದೆ. ಬ್ಯಾಡ ಬ್ಯಾಡ ಅಂತ ಅವರು ಎರಡು ಸಲ ಅಂದರು. ಆಗ ಅವರ ಹೆಂಡತಿ ತಡೆಯಲಾರದೆ ಜೋರಾಗಿ ನಕ್ಕರು.

ಇಲ್ಲಿಯ ಪಾಡು ಹೇಳುತ್ತೇನೆ ಕೇಳಿ. ನಾನು ಒಳಲೆ ಹಿಡಿದರೆ ಕೂಸಿಗೆ ಅದು ಬೇಡ, ಅಸಲು ಸರಕು ಎದುರಿಗೇ ಇರುವಾಗ ಯಾರಿಗೆ ಬೇಕು. ಮೇಲಿನ ಮನೆಯ ಸುಂದರಮ್ಮನವರು ಬಂದು ಪ್ರಯತ್ನಿಸಿದರು. ಅವರ ರೇಷ್ಮೆ ಸೀರೆಯ ಮೇಲೆಲ್ಲ ಉಗುಳಿತು. ಕೊನೆಗೆ ನಿಮ್ಮ ಮಗ ಒಂದು ಉಪಾಯ ಕಂಡುಹಿಡಿದರು. ನನ್ನ ವಾಸನೆ ಇದ್ದರೆ ಕುಡಿಯುತ್ತದೆ ಅಂತ, ನಾನು ಬಿಚ್ಚಿಹಾಕಿದ್ದ ನೈಟಿಯನ್ನು ಹಾಕಿಕೊಂಡು, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತರು. ಅದೇ ಹೊತ್ತಿಗೆ ಸುಂದರಮ್ಮನವರ ಮಗ, ಮನೆ ಓನರ್ ವಾಗೀಶ್ ಅವರು, ಟ್ಯಾಂಕಿನಲ್ಲಿ ನೀರು ಬಂತಾ ಅಂತ ಕೇಳಲು ಬಾಗಿಲಿಗೆ ಬಂದರು. ನಿಮ್ಮ ಮಗನ ಮೀಸೆ, ಗುಲಾಬಿ ಹೂವಿನ ನೈಟಿ, ಕೈಯಲ್ಲಿ ಒಳಲೆ. ವಾಗೀಶ್ ನೀರಿನ ವಿಷಯ ಮರೆತು ಹಾಗೇ ಮೆಟ್ಟಿಲು ಹತ್ತಿ ಹೋದರು. ನೀವಿದ್ದಿದ್ದರೆ ಏನು ಹೇಳುತ್ತಿದ್ದಿರಿ ಅಂತ ನಾವಿಬ್ಬರೂ ಯೋಚಿಸಿದೆವು. ನಿಮ್ಮ ಹಾಗೆ ಹೇಳುವುದಕ್ಕೆ ನಮ್ಮಿಬ್ಬರಿಗೂ ಬರಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ ಅತ್ತೆ, ಬನ್ನಿ. ನಿಮ್ಮ ಕೈ ಇಲ್ಲದೆ ಇವಳು ಒಳಲೆ ಮುಟ್ಟುವುದಿಲ್ಲ. ಸೋಮವಾರ ನಾನು ಹೋಗಲೇಬೇಕು. ಇನ್ನು ಮೇಲೆ ಕೂಸಿನ ಹಾಲು ಸ್ಟೀಲಿನ ಡಬ್ಬಿಯಲ್ಲಿ, ಹೆಸರು ಬರೆದು ಅಂಟಿಸಿ, ಕೆಳಗಿನ ಅರೆಯಲ್ಲಿ ಇಡುತ್ತೇನೆ. ನಿಮ್ಮ ಎರಡು ಬಟ್ಟಲೂ ದೇವರ ಗೂಡಿನಲ್ಲೇ ಇರಲಿ. ಜೀರಿಗೆ ನೀರನ್ನು ಅಳೆದು ಕೊಟ್ಟಷ್ಟೇ ಕುಡಿಯುತ್ತೇನೆ. ಕಿವಿಗೆ ಹತ್ತಿ ಇಡುತ್ತೇನೆ, ಕೊರಿಯರ್‌ನವನು ಏನು ಬೇಕಾದರೂ ಅನ್ನಲಿ.

ಕೂಸು ಬಿಟ್ಟಿತು. ಬಾಯಿ ಅರ್ಧ ತೆರೆದುಕೊಂಡು ನಿದ್ದೆ ಹೋಗಿದೆ, ಗಲ್ಲದ ಮೇಲೆ ಒಂದು ಹನಿ ಇದೆ. ಅದನ್ನು ಒರೆಸಿದರೆ ಏಳುತ್ತದೆ ಅಂತ ಹಾಗೇ ಬಿಟ್ಟಿದ್ದೇನೆ. ಮೈ ನೋಡಿಕೊಳ್ಳಿ. ಎರಡು ಹೊತ್ತೂ ಊಟ ಮಾಡಿ.

ನಿಮ್ಮ ದಾರಿ ಕಾಯುತ್ತಾ,
ನಿಮ್ಮ ಸೊಸೆ
ಸುಷ್ಮಾ

ತಾ. ಕ.: ಗೋಂದು ಹಚ್ಚುವುದಕ್ಕೆ ಕವರು ತೆಗೆದುಕೊಂಡೆ, ಮನಸ್ಸು ಒಪ್ಪಲಿಲ್ಲ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಕೂಸು ನಿನ್ನೆ ಸಂಜೆಯಿಂದ ಒಳಲೆಯಲ್ಲಿ ಕುಡಿಯುತ್ತಿದೆ, ಸುಂದರಮ್ಮನವರ ಕೈಯಲ್ಲೇ, ಒಂದು ತೊಟ್ಟೂ ಉಗುಳದೆ. ಸೋಮವಾರದಿಂದ ತಾವೇ ನೋಡಿಕೊಳ್ಳುವುದಾಗಿಯೂ ಅವರು ಹೇಳಿದ್ದಾರೆ. ನನ್ನ ಕೆಲಸ ಎಲ್ಲೂ ಹೋಗುವುದಿಲ್ಲ. ನಿಮ್ಮನ್ನು ಕರೆಯುವುದಕ್ಕೆ ಇದ್ದ ಒಂದೇ ನೆಪವೂ ಹೋಯಿತಲ್ಲ ಅಂತ ಹೆದರಿ ಮುಚ್ಚಿಟ್ಟೆ. ಕೂಸಿಗೆ ಒಳಲೆ ಸಾಕು ಅತ್ತೆ. ನನಗೆ ಗೋಡೆ ಸಾಲುತ್ತಿಲ್ಲ.